ಪೆಟ್ಟಿಗೆಯ ಮುಂದಿನ ಖಾಲಿ ಜಾಗ

ಅಣ್ಣ ಸೋಲಾರ್ ಹಾಕಿಸಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿದ್ದು ಒಂದು ಖಾಲಿ ಜಾಗಕ್ಕೆ.

ಫಲಕಗಳು ತಾರಸಿಯ ಮೇಲಿದ್ದವು, ಅವುಗಳ ತಂಟೆ ಯಾರಿಗೂ ಇರಲಿಲ್ಲ. ಬಿಸಿಲಿನ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ಪೆಟ್ಟಿಗೆಯನ್ನು ಎಲ್ಲಿ ಹಾಕುವುದೆನ್ನುವುದೇ ಪ್ರಶ್ನೆಯಾಯಿತು. ಫಿಟ್ಟರ್ ಪೋರ್ಟಿಕೋ ಗೋಡೆ ತೋರಿಸಿದ. ಅಲ್ಲಿ ಅಣ್ಣನ ಕಾರು ನಿಲ್ಲುತ್ತಿತ್ತು.

"ಕಾರಿಗೆ ನೆರಳು ಬೇಡ್ವೇನಯ್ಯ?" ಎಂದ ಅಣ್ಣ.

ಅಷ್ಟು ದೊಡ್ಡ ಪೆಟ್ಟಿಗೆ ಬಂದವರ ಕಣ್ಣಿಗೆ ಬೀಳದಿದ್ದರೆ ಅದು ಇದ್ದೇನು ಪ್ರಯೋಜನ ಎಂಬ ಯೋಚನೆಯೂ ಅವನಿಗಿತ್ತು. ಕೊನೆಗೆ ನಡುಮನೆಯ ಕಿಟಕಿ ಪಕ್ಕದ ಗೋಡೆ ಗೊತ್ತಾಯಿತು. ಆ ಕಿಟಕಿಯ ಬಳಿ ಅತ್ತಿಗೆಯ ಹೊಲಿಗೆ ಯಂತ್ರವಿತ್ತು. ಮದುವೆಯಾಗಿ ಬಂದಂದಿನಿಂದ ಈ ಮನೆಯಲ್ಲಿ ಅವಳು ತನ್ನದೆಂದುಕೊಂಡಿದ್ದು ಆ ಮೂಲೆಯೊಂದನ್ನೇ.

"ಪೆಟ್ಟಿಗೆ ಮುಂದೆ ಒಂದು ಮೀಟರ್ ಖಾಲಿ ಇರ್ಬೇಕು ಸಾರ್. ಏನೂ ಇಡೋ ಹಾಗಿಲ್ಲ. ಅಕ್ಕಪಕ್ಕ ಗಾಳಿ ಆಡ್ಬೇಕು. ಅಂಕಿ ತೋರಿಸೋ ಪರದೆ ನೋಡೋರ ಕಣ್ಣಿನ ಮಟ್ಟಕ್ಕೆ ಬರ್ಬೇಕು," ಎಂದ ಫಿಟ್ಟರ್. "ನೋಡೋರು ಯಾರು?"

"ನಾನೇ. ಇನ್ಯಾರು?"

ಅಣ್ಣ ಗೋಡೆಗೆ ಬೆನ್ನು ಕೊಟ್ಟು, ಶಾಲೆಯಲ್ಲಿ ಎತ್ತರ ಅಳೆಸಿಕೊಳ್ಳುವ ಹುಡುಗನಂತೆ ಎದೆಯುಬ್ಬಿಸಿ ನಿಂತ. ಆಫೀಸಿಗೆ ಹೊರಟಿದ್ದರಿಂದ ಕಾಲಲ್ಲಿ ಬೂಟೂ ಇದ್ದವು. ನಮ್ಮ ಬಳಗದಲ್ಲೇ ಅವನು ಉದ್ದ. ಅತ್ತಿಗೆ ಅವನ ಭುಜಕ್ಕೂ ಬರುವುದಿಲ್ಲ. ಫಿಟ್ಟರ್ ಬೂಟಿನ ಹಿಮ್ಮಡಿಯನ್ನೂ ಸೇರಿಸಿ ಗುರುತು ಹಾಕಿಕೊಂಡ. ತುರ್ತಿಗೆ ಕರೆಂಟು ಕಡಿಯುವ ಕೆಂಪು ಸ್ವಿಚ್ಚು ಪೆಟ್ಟಿಗೆಗಿಂತ ಮೇಲೆ ಹೋಗಿ ಕೂತಿತು.

"ಸ್ವಿಚ್ಚಾದ್ರೂ ಕೆಳಗೆ ಹಾಕ್ಲಾ ಸಾರ್?"

"ಕೆಳಗೆ ಗೋಡೆಯೊಳಗೆ ನೀರಿನ ಪೈಪಿದೆ. ಮುಟ್ಬೇಡ."

ಆಮೇಲೆ ಅಣ್ಣ ಅತ್ತಿಗೆಯ ಕೊರಳಲ್ಲಿದ್ದ ಟೇಪನ್ನೇ ತೆಗೆದುಕೊಂಡು ನೆಲ ಅಳೆದ. ಅಳೆದಲ್ಲಿ ಹಳದಿ ಬಣ್ಣದ ಗೆರೆ ಎಳೆಸಿದ. ಗೆರೆಯೊಳಗೆ ಸಿಕ್ಕ ಹೊಲಿಗೆ ಯಂತ್ರ ಅಡುಗೆಮನೆ ಹಿಂದಿನ ಉಗ್ರಾಣಕ್ಕೆ ಹೋಯಿತು. ಅತ್ತಿಗೆ ಟೇಪನ್ನು ಮಾತ್ರ ವಾಪಸ್ ಕೇಳಿ ಇಸಿದುಕೊಂಡಳು.

"ನಾನು ಈ ಮನೆಗೆ ಇಷ್ಟು ವರ್ಷ ಜೀವ ತೇದೆ. ನನ್ನ ಸುತ್ತ ಯಾರೂ ಗೆರೆ ಎಳೀಲಿಲ್ಲಪ್ಪ," ಎಂದಳು ಅಮ್ಮ.

ಉಗ್ರಾಣಕ್ಕೆ ಕಿಟಕಿ ಇಲ್ಲ. ಅತ್ತಿಗೆ ಹಗಲು ಹೊತ್ತೇ ಬಲ್ಬು ಹಾಕಿಕೊಂಡು ಹೊಲಿಯಬೇಕಾಯಿತು. ಮೊದಲು ಅವಳ ಬಟ್ಟೆಯ ಮೇಲೆ ಪುಕ್ಕಟೆ ಬಂದು ಬೀಳುತ್ತಿದ್ದ ಸೂರ್ಯನನ್ನು ಈಗ ತಾರಸಿಯಲ್ಲಿ ಹಿಡಿದು, ತಂತಿಯಲ್ಲಿ ಇಳಿಸಿ, ಪೆಟ್ಟಿಗೆಯಲ್ಲಿ ತಿರುಚಿ, ಬಲ್ಬಿನ ಮೂಲಕ ಅವಳಿಗೆ ಹಂಚಲಾಗುತ್ತಿತ್ತು. ಇದನ್ನು ಅಣ್ಣ ಉಳಿತಾಯ ಎನ್ನುತ್ತಿದ್ದ. ಆ ಬೆಳಕಿನಲ್ಲಿ ಅವಳು ಕಡುನೀಲಿ ಅಂಗಿಗೆ ಕಪ್ಪು ದಾರ ಹಾಕಿದಳು. ಹೊಲಿಯಲು ಕೊಟ್ಟವರು ಅದನ್ನು ಅಮ್ಮನ ಮುಂದೆ ಬಿಸಾಕಿ ಹೋದರು. ಬೇರೆಯವರೂ ಬಟ್ಟೆ ತರುವುದು ಕಡಿಮೆಯಾಯಿತು. ಹೀಗೇ ಇನ್ನಷ್ಟು ದಿನ ಹೋದರೆ ಯಂತ್ರಕ್ಕೆ ಶಾಶ್ವತವಾಗಿ ಮುಸುಕು ಬೀಳುವುದಿತ್ತು.

ಪೆಟ್ಟಿಗೆಯ ಪರದೆಯಲ್ಲಿ ನೋಡುವಂಥದ್ದೇನಾದರೂ ಬರುವುದು ಹಗಲಿನಲ್ಲಿ, ಅಣ್ಣ ಆಫೀಸಿನಲ್ಲಿರುವಾಗ. ಅವನು ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದ.

"ಎಷ್ಟು ತೋರಿಸ್ತಿದೆ ನೋಡೇ."

"ಸ್ಟೂಲ್ ಹಾಕ್ಕೊಂಡು ನೋಡ್ಬೇಕು."

"ಗೆರೆಯೊಳಗೆ ಸ್ಟೂಲ್ ಇಡ್ಬೇಡ. ನಿಯಮ."

ಅತ್ತಿಗೆ ತುದಿಗಾಲಲ್ಲಿ ನಿಂತು ಓದಿ ಹೇಳುತ್ತಿದ್ದಳು. ಬೆಳಗ್ಗೆ ಧೂಳು ಒರೆಸುವಾಗಲೂ ಹಾಗೇ ನಿಂತು, ಕೆಂಪು ಸ್ವಿಚ್ಚಿನ ನೆತ್ತಿಯನ್ನೂ ಬೆರಳಿನಿಂದ ಸವರಿ ಬರುತ್ತಿದ್ದಳು. ಓದು ಮುಗಿಸಿ ಕೆಲಸ ಹುಡುಕುತ್ತ ಮನೆಯಲ್ಲೇ ಇದ್ದ ನಾನು ದಿನಾ ನೋಡುತ್ತಿದ್ದೆ.

ಅಂತಿಮ ಒಪ್ಪಿಗೆಗೆ ಕರೆಂಟ್ ಆಫೀಸಿನಿಂದ ಪರೀಕ್ಷಕರು ಬಂದ ದಿನ ಅಣ್ಣ ರಜೆ ಹಾಕಿದ. ಅವರು ಹಳದಿ ಗೆರೆ ಕಂಡು ನಿಂತರು.

"ಇದೇನ್ ಸಾರ್?"

"ಖಾಲಿ ಜಾಗ. ಅಮ್ಮನ್ನೂ ಒಳಗೆ ಬಿಡಲ್ಲ," ಎಂದ ಅಣ್ಣ ಹೆಮ್ಮೆಯಿಂದ.

"ಕೆಲಸ ಮಾಡೋರು ನಿಲ್ಲಲಿ ಅಂತಲೇ ಅಲ್ವಾ ಅದನ್ನ ಖಾಲಿ ಬಿಡೋದು," ಎಂದು ಅವರು ಗೆರೆ ದಾಟಿ ನಿಂತು ಮೇಲೆ ನೋಡಿದರು. "ಹಗಲು ಹೊತ್ತು ಮನೇಲಿ ಯಾರಿರ್ತಾರೆ?"

"ನಾನಿರ್ತೀನಿ, ನನ್ನ ಎಬ್ಬಿಸೋಕೇ ಇನ್ನೊಬ್ಬರು ಬೇಕು," ಎಂದಳು ಅಮ್ಮ. "ಚಿಕ್ಕವನಿರ್ತಾನೆ, ಅವನು ಇದ್ದಾನೋ ಇಲ್ವೋ ನಮಗೇ ತಿಳಿಯಲ್ಲ. ಸೊಸೇನ ಕೇಳಿ."

"ಬನ್ನಿ ತಾಯಿ. ಹೊಗೆ ಬಂತು ಅಂದ್ಕೊಳ್ಳಿ. ಆ ಕೆಂಪು ಸ್ವಿಚ್ಚು ಆಫ್ ಮಾಡಿ."

"ಎತ್ತರ ನಿಯಮದೊಳಗೇ ಇದೆ ಸಾರ್, ಟೇಪ್ ಹಿಡಿದು ನೋಡಿ," ಎಂದ ಅಣ್ಣ.

"ಹೊಗೆ ಬಂದಾಗ ಟೇಪ್ ಬಂದು ಆಫ್ ಮಾಡಲ್ಲ ಸಾರ್. ನಾನು ಎಲ್ಲ ಮನೇಲೂ ಹೀಗೇ ನೋಡೋದು."

ಅತ್ತಿಗೆ ಬಂದಳು. ಪೆಟ್ಟಿಗೆಯೆದುರು ನಿಂತು ಕೈ ಎತ್ತಿದಳು. ಬೆರಳುಗಳು ಸ್ವಿಚ್ಚಿನ ಕೆಳಗೆ ಗಾಳಿಯಲ್ಲಿ ನಿಂತವು.

"ಇನ್ನೊಂಚೂರು ಎಟುಕಿಸೇ," ಎಂದ ಅಣ್ಣ.

"ಎಟುಕ್ತಿಲ್ಲ."

ನಾನು ಅವಳ ಪಾದ ನೋಡಿದೆ. ಹಿಮ್ಮಡಿಗಳು ನೆಲಕ್ಕೆ ಅಂಟಿಕೊಂಡಿದ್ದವು. ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

"ಆಗಲ್ಲ ಸಾರ್. ಸ್ವಿಚ್ಚು ಕೆಳಗಿಳಿಸಿ," ಎಂದರು ಪರೀಕ್ಷಕರು.

"ಇಳಿಸೋಣ ಅದಕ್ಕೇನು, ಈಗಲೇ..."

"ಕೆಳಗೆ ನೀರಿನ ಪೈಪಿದೆ, ಮುಟ್ಬೇಡ ಅಂತ ಇವರೇ ಹೇಳಿದ್ರು," ಎಂದಳು ಅತ್ತಿಗೆ, ಕೈಯನ್ನು ಇನ್ನೂ ಇಳಿಸದೆ.

ಪರೀಕ್ಷಕರು ಹೊರಗೆ ಹೋಗಿ ಪೋರ್ಟಿಕೋ ಗೋಡೆ ತಟ್ಟಿ ನೋಡಿದರು. "ಒಳ್ಳೆ ಗೋಡೆ. ನೆರಳಿದೆ, ಗಾಳಿ ಇದೆ. ಕಾರು ಮಾತ್ರ ಆಚೆ ನಿಲ್ಲಿಸ್ಬೇಕು. ಮುಂದೆ ಒಂದು ಮೀಟರ್..."

"ಗೊತ್ತು," ಎಂದ ಅಣ್ಣ.

ಅತ್ತಿಗೆಯ ಯಂತ್ರ ಕಿಟಕಿಯ ಬಳಿಗೆ ಮರಳಿದೆ. ಹಳದಿ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ; ಅವಳು ಆ ಗೆರೆಯೊಳಗೇ ಕೂತು ಹೊಲಿಯುತ್ತಾಳೆ. ದಾಟುವ ಮೊದಲು ಅಮ್ಮ "ಒಳಗೆ ಬರ್ಬಹುದಾ ಮೇಡಂ?" ಎಂದು ಕೇಳುತ್ತಾಳೆ. ಕಾರು ರಸ್ತೆಬದಿಯಲ್ಲಿ ಬೇಯುತ್ತದೆ.

ಈ ಸಲ ಪೆಟ್ಟಿಗೆಯ ಅಳತೆಗೆ ಪೋರ್ಟಿಕೋ ಗೋಡೆಗೆ ಬೆನ್ನು ಕೊಟ್ಟು ನಿಂತದ್ದು ಅತ್ತಿಗೆ, ಬರಿಗಾಲಲ್ಲಿ. ರಜಾದಿನಗಳಲ್ಲಿ ಪರದೆ ಓದಲು ಅಣ್ಣ ಅದರ ಮುಂದೆ ಸೊಂಟ ಬಗ್ಗಿಸಿ ನಿಲ್ಲುತ್ತಾನೆ.