ಓರ್ಸಾಳ ಮಗಳು

ನೆಲ್ ಎಂಬ ಹುಡುಗಿ ಒಲೆಯ ಮುಂದೆ ನಿಂತು ಕುದಿಯುವ ಸಾರಿಗೆ ಮತ್ತೆ ಮತ್ತೆ ನೀರು ಹೊಯ್ಯುತ್ತಿದ್ದಳು ಎಂಬಲ್ಲಿಗೆ ಓದುತ್ತ ಬಂದಾಗ ಜಿನ್‌ಸೋಲ್ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದಳು.

ಶನಿವಾರದ ಮಧ್ಯಾಹ್ನ. ಚೊಂಗ್ಜು ಪಟ್ಟಣದ ತನ್ನ ಒಂದು ಕೋಣೆಯ ಮನೆಯಲ್ಲಿ, ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ, ಟ್ಯಾಬನ್ನು ಅಕ್ಕಿ ಡಬ್ಬಿಗೆ ಒರಗಿಸಿಕೊಂಡು ಅವಳು ಆಟವನ್ನು ಓದುತ್ತಿದ್ದಳು. ಆಟವೆಂದರೆ ಬರವಣಿಗೆಯ ಆಟ. ಹತ್ತು ಹನ್ನೆರಡು ಮಂದಿ ಬೇರೆ ಬೇರೆ ಊರುಗಳಲ್ಲಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹುಟ್ಟಿಸಿ, ಆ ಪಾತ್ರದ ಮಾತು ನಡೆಗಳನ್ನು ಸರದಿಯಂತೆ ಬರೆಯುತ್ತ ಒಂದೇ ಕತೆಯನ್ನು ಮುಂದಕ್ಕೆ ಎಳೆಯಬೇಕು. ನಿಜವಾದ ಹೆಸರು ಯಾರೂ ಹೇಳುವುದಿಲ್ಲ. ಅಲ್ಲಿ ಜಿನ್‌ಸೋಲ್ 'ಮೂಲಂಗಿ'. ಒಬ್ಬರ ಪಾತ್ರದ ಮೇಲೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಅಣ್ಣತಂಗಿಯೋ ಗಂಡಹೆಂಡಿರೋ, ಯಾವ ನಂಟನ್ನು ಬೆಸೆಯಬೇಕಾದರೂ ಎರಡೂ ಕಡೆಯವರು ಮೊದಲೇ ಒಪ್ಪಿರಬೇಕು.

ಮೂರು ವರ್ಷದ ಹಿಂದಿನ ಮೊದಲ ಆಟದಲ್ಲಿ ಜಿನ್‌ಸೋಲ್ ಹುಟ್ಟಿಸಿದವಳು ಓರ್ಸಾ. ಸಮುದ್ರವನ್ನು ತಡೆಹಿಡಿದ ದೊಡ್ಡ ಗೋಡೆಯ ಮೇಲೆ ನಿಂತು ಗಂಟೆ ಹೊಡೆಯುವವಳು. ನೀರು ನುಗ್ಗಿದ ದಿನ ಊರಿಗೆ ಊರೇ ಗುಡ್ಡ ಹತ್ತಿತ್ತು; ಓರ್ಸಾ ಮಾತ್ರ ಸೊಂಟದ ಮಟ್ಟದ ನೀರಿನಲ್ಲಿ ಗಂಟೆ ಹೊಡೆಯುತ್ತಲೇ ಇದ್ದಳು. ಅವಳು ಅಂಥವಳು, ಬಿಟ್ಟು ಹೋಗದವಳು. ಅಷ್ಟನ್ನು ಇಟ್ಟುಕೊಂಡೇ ಜಿನ್‌ಸೋಲ್ ಅವಳನ್ನು ಕಟ್ಟಿದ್ದಳು. ಆ ಆಟದ ಕೊನೆಗೆ ಓರ್ಸಾ, ಮಿರೇ ಬರೆಯುತ್ತಿದ್ದ ದೋಣಿಯವ ತಿಯೋನನ್ನು ಮದುವೆಯಾದಳು. ಇಕ್ಸಾನಿನಲ್ಲಿರುವ ಮಿರೇ, ಆಟದಲ್ಲಿ 'ಮಿಂಚುಳ್ಳಿ', ಜಿನ್‌ಸೋಲ್‌ಗಿಂತ ಐದಾರು ವರ್ಷಕ್ಕೆ ಚಿಕ್ಕವಳು. ಆ ಮದುವೆಯ ಹೊತ್ತಿಗೆ 'ನೀವು' ಹೋಗಿ 'ಅಕ್ಕ' ಬಂದಿತ್ತು, ನಿಜವಾದ ಹೆಸರುಗಳೂ ತಿಳಿದಿದ್ದವು.

ಈಗ ನಡೆಯುತ್ತಿದ್ದದ್ದು ಎರಡನೆಯ ತಲೆಮಾರಿನ ಆಟ. ಹಳೆಯ ಪಾತ್ರಗಳ ಮಕ್ಕಳು ಅದೇ ಊರಿನಲ್ಲಿ ಬೆಳೆಯುತ್ತಾರೆ. ಅಪ್ಪ ಅಮ್ಮಂದಿರು ಆಟದ ಕೊನೆಯ ಭಾನುವಾರ, 'ಭೇಟಿಯ ದಿನ' ಮಾತ್ರ ಬರಬಹುದು. ಓರ್ಸಾ ಮತ್ತು ತಿಯೋನ ಮಗಳು ನೆಲ್‌ಳನ್ನು ಬರೆಯುವವಳು ಮಿರೇ. ಆಟ ತೆರೆಯುವ ಮುಂಚೆ ಅವಳು ಫೋನಿನಲ್ಲಿ ಕೇಳಿದ್ದಳು.

"ಅಕ್ಕಾ, ನಡುವಿನ ವರ್ಷಗಳಲ್ಲಿ ಮನೇಲಿ ಏನಾಯ್ತು ಅಂತ ನಾನೇ ತುಂಬ್ಕೊಳ್ಲಾ?"

"ತುಂಬ್ಕೋ. ನನ್ನನ್ಯಾಕೆ ಕೇಳ್ತೀಯ, ನಿನ್ನ ಮಗಳು."

ಜಿನ್‌ಸೋಲ್ ಶಾಲೆಯೊಂದರ ಮಧ್ಯಾಹ್ನದ ಊಟ ನೋಡಿಕೊಳ್ಳುವವಳು. ತೋಫುವಿನ ಮೇಲಿನ ತಾರೀಖನ್ನು ಎರಡು ಸಲ ಓದದೆ ಒಳಗೆ ಬಿಡದವಳು. ಆದರೆ ಅವತ್ತು ಒಂದು ಸಲವೂ ಯೋಚಿಸಲಿಲ್ಲ. ಕೇಳಿದವಳು ಮಿರೇ.

ಈಗ ಪರದೆಯ ಮೇಲೆ ನೆಲ್, ಬಲೆ ಹೆಣೆಯುವ ಮುದುಕನ ಪಕ್ಕ ಕೂತು ಹೇಳುತ್ತಿದ್ದಳು: "ಅಮ್ಮ ಕೋಟು ಹಾಕ್ಕೊಂಡು ಹೊರಟ್ಳು. ಸಾರು ಸೀದು ಹೋಗದ ಹಾಗೆ ನೋಡ್ಕೋ, ಬಂದ್ಬಿಡ್ತೀನಿ ಅಂದ್ಳು. ಅದಕ್ಕೇ ಕಡಮೆ ಆದಾಗಲೆಲ್ಲ ನೀರು ಹಾಕ್ತಾ ಇದ್ದೆ. ಕತ್ತಲಾಗೋ ಹೊತ್ತಿಗೆ ಅದರಲ್ಲಿ ಸಾರಿನ ರುಚೀನೇ ಇರಲಿಲ್ಲ. ಆದ್ರೂ ಹಾಕ್ತಾನೇ ಇದ್ದೆ."

ಕೆಳಗೆ ಉಳಿದವರ ಮಾತುಗಳು ಸಾಲುಗಟ್ಟಿದವು. ಮುದುಕನನ್ನು ಬರೆಯುವ 'ಸುಟ್ಟಗೆಣಸು' ಎಲ್ಲರಿಗಿಂತ ಮುಂದೆ.

"ಬಸ್ಸಲ್ಲಿದ್ದೀನಿ ಕಣ್ರೀ. ಪಕ್ಕದ ಅಜ್ಜಿ ಅಳಬೇಡ ಮಗಾ ಅಂತ ಕಿತ್ತಳೆ ಹಣ್ಣು ಕೊಟ್ರು. ಮಿಂಚುಳ್ಳಿಯವರೇ, ಇಂಥದ್ದೆಲ್ಲ ಎಲ್ಲಿಂದ ಹೊಳೆಯುತ್ತೆ ನಿಮಗೆ?"

"ಸುಮ್ನೆ ಹಾಗೇ ಹೊಳೀತು" ಎಂದು ಮಿರೇ ಬರೆದಳು.

"ಮೂಲಂಗಿಯವರೇ, ನಿಮ್ಮ ಓರ್ಸಾ ಇಷ್ಟು ಕಟುಕಿ ಅಂತ ಗೊತ್ತಿರಲಿಲ್ಲ ಬಿಡಿ. ಭೇಟಿಯ ದಿನ ಬರಲಿ, ನಮ್ಮ ಮುದುಕ ಬಾಗಿಲಲ್ಲೇ ವಿಚಾರಿಸ್ಕೋತಾನೆ."

ಜಿನ್‌ಸೋಲ್ ಟ್ಯಾಬನ್ನು ಹತ್ತಿರ ಎಳೆದುಕೊಂಡಳು. ಬೆಳ್ಳುಳ್ಳಿಯ ಅಂಟು ಬೆರಳು ಪರದೆಗೆ ತಾಗಿ ಸಾಲುಗಳು ತಾವಾಗಿಯೇ ಮೇಲೆ ಸರಿದವು. ಅವಳು ಕೈ ತೊಳೆದು ಬಂದು ಮತ್ತೆ ಓದಿದಳು. ಒಂದು ಮಾತೂ ಆಚೀಚೆ ಆಗಿರಲಿಲ್ಲ. ಕೋಟು ಕೂಡ ಇತ್ತು.

ಅದನ್ನು ಅವಳು ಹೇಳಿದ್ದು ಒಬ್ಬಳಿಗೇ, ಹೋದ ಚಳಿಗಾಲದಲ್ಲಿ, ದೇಜೊನ್‌ನ ಕಲ್‌ಗುಕ್ಸು ಎಂಬ ಹಿಟ್ಟಿನ ಎಳೆಗಳ ಸಾರು ಮಾರುವ ಅಂಗಡಿಯಲ್ಲಿ. ದೇಜೊನ್ ಇಬ್ಬರಿಗೂ ನಡುದಾರಿ. ಮೇಜಿನ ಒಲೆಯ ಮೇಲೆ ಎಳೆಗಳು ಕುದಿಯುತ್ತಿದ್ದಾಗ ಜಿನ್‌ಸೋಲ್ ಕುಡಿಯುವ ನೀರಿನ ಹೂಜಿ ಎತ್ತಿ ಪಾತ್ರೆಗೆ ಬಗ್ಗಿಸಿದ್ದಳು. "ಅಕ್ಕಾ, ಸಾರು ಹಾಳಾಗುತ್ತೆ" ಎಂದು ಮಿರೇ ನಕ್ಕಿದ್ದಳು. ಆಗ ಜಿನ್‌ಸೋಲ್ ಹೇಳಿದಳು. ಒಂಬತ್ತು ವರ್ಷದವಳಿದ್ದಾಗ ಜೇಚನ್‌ನ ಮನೆಯಲ್ಲಿ, ಒಲೆಯ ಮೇಲೆ ಮೂಲಂಗಿ ಸೊಪ್ಪಿನ ಸಾರಿಟ್ಟು ಹೊರಟ ಅಮ್ಮ ಮರಳದೆ ಹೋದದ್ದು. ಮರುದಿನ ಸೋದರತ್ತೆ ಬಂದು ಒಲೆ ಆರಿಸಿದ್ದು. ಕಾಲೇಜು ಮುಗಿದ ವರ್ಷ ಅಮ್ಮ ಒಮ್ಮೆ ಫೋನು ಮಾಡಿ, ನಿಮ್ಮ ಕಡೆ ಚಳಿಯೇ ಎಂದು ಕೇಳಿ ಇಟ್ಟುಬಿಟ್ಟದ್ದು. ಮಿರೇ ಎಳೆ ತಿನ್ನುವುದನ್ನು ಬಿಟ್ಟು ಅವಳ ಕೈ ಹಿಡಿದುಕೊಂಡಿದ್ದಳು. ಆ ಕೈ ಹಿಡಿದದ್ದನ್ನು ಜಿನ್‌ಸೋಲ್ ಚಳಿಗಾಲವಿಡೀ ನೆನೆಸಿಕೊಂಡಿದ್ದಳು.

ನೆಲ್‌ಳ ಮಾತು ಓದಿದ ಮರುದಿನವೇ ಇಬ್ಬರೂ ಅದೇ ಅಂಗಡಿಯಲ್ಲಿ ಭೇಟಿಯಾದರು. ಮಿರೇ ಹೊಸದಾಗಿ ಕೂದಲು ಕತ್ತರಿಸಿಕೊಂಡು, ಖುಷಿಯಲ್ಲೇ ಬಂದಿದ್ದಳು.

"ಓದಿದ್ಯಾ ಅಕ್ಕ? ಒಂದು ಮಾತೂ ಆಡಲಿಲ್ವಲ್ಲ, ಸುಟ್ಟಗೆಣಸು ಕೇಳ್ತಾ ಇದ್ರು."

"ಓದಿದೆ. ಸುಮ್ನೆ ಹೊಳೀತು ಅಂದ್ಯಲ್ಲ ಅವರಿಗೆ."

ಮಿರೇಯ ಕಿವಿ ಕೆಂಪಾಯಿತು. "ಮತ್ತಿನ್ನೇನು ಹೇಳ್ಬೇಕಿತ್ತು? ಎಲ್ಲರ ಮುಂದೆ, ಇದು ಅಕ್ಕನ ಕತೆ ಅಂತಾನಾ?"

"ಹೇಳೋ ಮಾತಲ್ಲ. ಬರೀಬಾರದಿತ್ತು."

"ತುಂಬ್ಕೋ ಅಂದೆ ನೀನು."

"ನಿನ್ನ ಕತೆ ತುಂಬ್ಕೋ ಅಂದೆ."

ಅಂಗಡಿಯ ಹೆಂಗಸು ಪಾತ್ರೆ ತಂದಿಟ್ಟು ಒಲೆ ಹಚ್ಚಿ ಹೋದಳು. ಮಿರೇ ಸ್ವರ ತಗ್ಗಿಸಿದಳು.

"ಕೇಳಿದ ದಿನದಿಂದ ಅದು ನನ್ನ ತಲೆಯಿಂದ ಹೋಗಲೇ ಇಲ್ಲ ಅಕ್ಕ. ಭೇಟಿಯ ದಿನ ಓರ್ಸಾ ಬರಲಿ ಅಂತಲೇ ಹಾಗೆ ಮಾಡಿದ್ದು. ಬಂದು, ಯಾಕೆ ಹೋದೆ ಅಂತ ಮಗಳಿಗೆ ಹೇಳಲಿ. ನಿಮ್ಮಮ್ಮ ಹೇಳಲೇ ಇಲ್ವಲ್ಲ. ನೀನೇ ಬರೆದರೆ ನಿನಗೂ ಒಂಚೂರು ಹಗುರ ಆಗುತ್ತೆ ಅಂತ."

"ಹಗುರ."

"ಹೌದು. ಕೆಟ್ಟದ್ದು ಮಾಡ್ಬೇಕು ಅಂತ ಮಾಡಲಿಲ್ಲ."

ಜಿನ್‌ಸೋಲ್ ಅದನ್ನು ನಂಬಿದಳು. ನಂಬಿದ್ದರಿಂದ ಸಿಟ್ಟು ಕಡಮೆಯಾಗಬೇಕಿತ್ತು, ಆಗಲಿಲ್ಲ. ಅವಳು ಮಾತನ್ನು ತೂಗಿ, ಮೆಲ್ಲಗೆ ಕೇಳಿದಳು.

"ಒಂದು ಕೇಳ್ತೀನಿ. ನೆಲ್‌ಗೆ ಅಪ್ಪನೂ ಇದಾನಲ್ಲ. ಬಿಟ್ಟು ಹೋಗೋರು ಒಬ್ಬರು ಬೇಕೇ ಬೇಕಿತ್ತು ಅಂದ್ರೆ, ನಿನ್ನ ತಿಯೋನನ್ನೇ ಕಳಿಸಬಹುದಿತ್ತಲ್ಲ?"

"ತಿಯೋ ಅಂಥವನಲ್ಲ ಅಕ್ಕ" ಎಂದಳು ಮಿರೇ.

ಉತ್ತರ ಹುಡುಕಲು ಅವಳಿಗೆ ಹೊತ್ತೇ ಬೇಕಾಗಲಿಲ್ಲ. ಆಡಿದ ಮಾತು ಏನೆಂದು ತಿಳಿದದ್ದು ಆಮೇಲೆ. ಪಾತ್ರೆ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಜಿನ್‌ಸೋಲ್ ಉರಿ ತಗ್ಗಿಸಿ, ಕೋಟು ಹಾಕಿಕೊಂಡು ಎದ್ದಳು. ಕೋಟಿನ ಗುಂಡಿ ಹಾಕುತ್ತಿದ್ದ ತನ್ನ ಕೈಗಳನ್ನೇ ಮಿರೇ ನೋಡುತ್ತಿರುವುದು ಅವಳಿಗೆ ಕಾಣಿಸಿತು.

ಆಟ ನಡೆಸುವ ಹಿರಿಯಳ ಹೆಸರು 'ಬೂದುಕೊಕ್ಕರೆ'. ಜಿನ್‌ಸೋಲ್ ಬಸ್ಸಿನಿಂದಲೇ ಅವಳಿಗೆ ಬರೆದು, ಓರ್ಸಾ ಬಿಟ್ಟು ಹೋದಳೆಂಬ ಸಾಲುಗಳನ್ನು ಅಳಿಸಬಹುದೇ ಎಂದು ಕೇಳಿದಳು, ಕಾರಣ ಹೇಳಲಿಲ್ಲ. ಕೊಕ್ಕರೆ ಬೇಗನೆ ಉತ್ತರ ಕೊಟ್ಟಳು.

"ನೀವು ಒಪ್ಪಿದ್ದೀರಿ ಮೂಲಂಗಿಯವರೇ, ಹಾಗಾಗಿ ಬರೆದದ್ದನ್ನ ಅಳಿಸೋಕಾಗಲ್ಲ. ಆದ್ರೆ ಓರ್ಸಾ ನಿಮ್ಮವಳು. ಬೇಡ ಅಂದ್ರೆ ಭೇಟಿಯ ದಿನ ನೀವೇ ನಂಟು ಕಡಿದು ಕರ್ಕೊಂಡು ಹೋಗಬಹುದು. ನೆಲ್‌ಗೆ ತಾಯಿ ಯಾರೋ ಹೆಸರಿಲ್ಲದವಳು ಅಂತಾಗುತ್ತೆ. ಕಡಿದ ಮೇಲೆ ಮತ್ತೆ ಬೆಸೆಯೋಕೆ ಬರಲ್ಲ. ಹುಡುಗಿಯನ್ನ ಎಲ್ಲರೂ ಹಚ್ಕೊಂಡಿದಾರೆ, ಯೋಚನೆ ಮಾಡಿ."

ಅವಳು ಯೋಚಿಸಿದಳು. ಶಾಲೆಯ ಅಡುಗೆಮನೆಯಲ್ಲಿ ಸಾರಿನ ಉಪ್ಪು ಅಳೆಯುವಾಗಲೂ ಅದೇ ಯೋಚನೆ. ಒಂದು ದಿನ ಅಳತೆಯ ಕಡ್ಡಿಯನ್ನು ಪಾತ್ರೆಯಲ್ಲೇ ಬಿಟ್ಟು ನಿಂತಿದ್ದಳು. "ಸಾರು ಏನಂತು ಮೇಡಂ, ಜ್ವರ ಇದೆಯಂತಾ?" ಎಂದು ಅಡುಗೆಯ ಓಕ್‌ಬುನ್ ಅಮ್ಮ ಕೇಳಿದಾಗಲೇ ಎಚ್ಚರ. ಮಿರೇಯಿಂದ ಸಂದೇಶಗಳು ಬಂದವು. ಕ್ಷಮಿಸು ಎಂದು ಒಂದು. ಊಟ ಮಾಡಿದ್ಯಾ ಎಂದು ಒಂದು. ಆದರೆ ಆಟದಲ್ಲಿ ನೆಲ್ ದಿನವೂ ಆ ಮನೆಗೆ ಹೋಗಿ ಒಲೆ ಹಚ್ಚುವುದು ನಿಲ್ಲಲಿಲ್ಲ. ಅದು ಚೆನ್ನಾಗಿತ್ತು ಕೂಡ. ಎಲ್ಲರೂ ಓರ್ಸಾಳಿಗಾಗಿ ಕಾಯುತ್ತಿದ್ದರು.

ಭೇಟಿಯ ದಿನ ಮಿರೇ ಹೀಗೆ ಶುರುಮಾಡಿದಳು: "ಬಾಗಿಲ ಹೊರಗೆ ಹೆಜ್ಜೆ ಸಪ್ಪಳ. ನೆಲ್ ತಿರುಗಲಿಲ್ಲ. ತಿರುಗಿ ನೋಡಿದರೆ ಆ ಸಪ್ಪಳ ನಿಂತುಹೋಗುತ್ತದೆಂದು ಅವಳಿಗೆ ಗೊತ್ತಿತ್ತು."

ಇದನ್ನು ಜಿನ್‌ಸೋಲ್ ಯಾರಿಗೂ ಹೇಳಿರಲಿಲ್ಲ. ಮಿರೇ ತಾನಾಗಿ ಊಹಿಸಿದ್ದಳು, ಸರಿಯಾಗಿಯೇ ಊಹಿಸಿದ್ದಳು. ಅವತ್ತು ಮೆಟ್ಟಿಲ ಮೇಲೆ ಯಾರ ಸಪ್ಪಳ ಬಂದರೂ ಒಂಬತ್ತು ವರ್ಷದ ಹುಡುಗಿ ತಿರುಗದೆ ಸೌಟು ಹಿಡಿದು ನಿಂತಿರುತ್ತಿದ್ದಳು. ಇಷ್ಟು ಒಳಗೆ ಬಂದವಳಿಗೆ, ಎಲ್ಲಿ ಕಾಲಿಡಬಾರದೆಂದು ತಿಳಿಯದೆ ಹೋದದ್ದು ಹೇಗೆ?

ಅವಳು ಬರೆಯತೊಡಗಿದಳು. ಓರ್ಸಾ ಬಾಗಿಲು ದೂಡಿ ಒಳಗೆ ಬಂದಳು. ಮಗಳ ಬೆನ್ನ ಹಿಂದೆ ನಿಂತು, ಯಾಕೆ ಹೋದೆನೆಂದು ಹೇಳತೊಡಗಿದಳು. ಮೂರು ನಾಲ್ಕು ಸಾಲು ಸಲೀಸಾಗಿ ಬಂದವು. ಓದಿ ನೋಡಿದರೆ ಕಾರಣಗಳು ಒಪ್ಪುವಂಥವೇ. ಆ ದನಿ ಓರ್ಸಾಳದ್ದಲ್ಲ. ನಿಮ್ಮ ಕಡೆ ಚಳಿಯೇ ಎಂದು ಕೇಳಿದ ದನಿ. ತಾನು ಅಮ್ಮನ ಪರವಾಗಿ ಮಾತಾಡುತ್ತಿದ್ದೇನೆಂದು ಗೊತ್ತಾದಾಗ ಅವಳು ಎಲ್ಲವನ್ನೂ ಅಳಿಸಿದಳು.

ಆಮೇಲೆ ಬರೆದು ಕಳಿಸಿದ್ದು ಇಷ್ಟು: "ಗೋಡೆಯ ಮೇಲೆ ಗಂಟೆ ಹೊಡೆಯುತ್ತಿತ್ತು. ಹೊಡೆಯುತ್ತಿದ್ದವಳು ಓರ್ಸಾ. ಅವಳು ಎಂದೂ ಆ ಗೋಡೆ ಬಿಟ್ಟು ಹೋದವಳಲ್ಲ. ಅವಳಿಗೆ ಮಗಳಿರಲಿಲ್ಲ. ಬಾಗಿಲ ಹೊರಗಿನ ಸಪ್ಪಳ ಬೇರೆ ಯಾರದೋ, ಅದು ಮುಂದೆ ಹೊರಟುಹೋಯಿತು."

ಕೊಕ್ಕರೆ ಆಟದ ಪುಟದಿಂದ ಓರ್ಸಾಳ ಹೆಸರು ತೆಗೆದಳು. ಮೊದಲು ಬಾಯಿಬಿಟ್ಟವರು ಸುಟ್ಟಗೆಣಸು.

"ಇದೇನ್ರೀ ಮೂಲಂಗಿಯವರೇ. ಆ ಮಗೂನ ಎರಡನೇ ಸಲ ಬಿಟ್ಟು ಹೋದ್ಲಲ್ಲ."

ಜಿನ್‌ಸೋಲ್ ಅದನ್ನು ಓದಿದಳು. ಸುಟ್ಟಗೆಣಸಿಗೆ ಏನೂ ಗೊತ್ತಿರಲಿಲ್ಲ, ಆದರೆ ಹೇಳಿದ್ದು ಸುಳ್ಳಲ್ಲ. ಓರ್ಸಾ ಬಿಟ್ಟು ಹೋದವಳಾಗಬಾರದೆಂದು ಅವಳು, ಅದೇ ಓರ್ಸಾ ಒಲೆಯ ಮುಂದಿನ ಹುಡುಗಿಯನ್ನು ಬಿಟ್ಟುಹೋಗುವಂತೆ ಮಾಡಿದ್ದಳು. ಬೇರೆ ದಾರಿ ಮಿರೇ ಇಟ್ಟಿರಲಿಲ್ಲ. ಇತ್ತೇನೋ. ತನಗೆ ಕಾಣಲಿಲ್ಲ.

ಮಿರೇಯ ಹೆಸರಿನ ಪಕ್ಕ ಬರೆಯುತ್ತಿರುವ ಗುರುತು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ತನಗೇ ಬೇರೆಯಾಗಿ ಏನೋ ಬರೆಯುತ್ತಿದ್ದಾಳೆಂದು ಜಿನ್‌ಸೋಲ್ ಫೋನನ್ನೂ ಹತ್ತಿರ ಎಳೆದುಕೊಂಡಳು. ಫೋನಿಗೆ ಏನೂ ಬರಲಿಲ್ಲ. ಸಾಲು ಬಂದದ್ದು ಆಟದೊಳಗೆ, ಎಲ್ಲರ ಮುಂದೆ.

"ನೆಲ್ ಒಂದು ಸೌಟು ನೀರು ತೆಗೆದು ಪಾತ್ರೆಗೆ ಹೊಯ್ದಳು."

ಕೆಳಗೆ ಮತ್ತೆ ಹೊಗಳಿಕೆಯ ಸಾಲು ಹತ್ತಿತು. ಎಷ್ಟು ಚಿಕ್ಕ ಮಾತು, ಎಷ್ಟು ನೋವು ಎಂದು ಒಬ್ಬರು. ಅಜ್ಜಿ ಇಲ್ಲ, ಕಿತ್ತಳೆಯೂ ಇಲ್ಲ, ನಾನೇನು ಮಾಡಲಿ ಎಂದು ಸುಟ್ಟಗೆಣಸು. ಆ ಸಾಲು ಹೋಗಿ ಯಾರಿಗೆ ತಾಗುತ್ತದೆ, ಎಲ್ಲಿ ತಾಗುತ್ತದೆ ಎಂಬುದು ಬರೆಯುವಾಗ ಅಷ್ಟು ಜನರಲ್ಲಿ ಗೊತ್ತಿದ್ದದ್ದು ಮಿರೇ ಒಬ್ಬಳಿಗೇ. ಗೊತ್ತಿದ್ದೇ ಅವಳು ಬರೆದಿದ್ದಳು.