ಮಂದ್ರ ತಂತಿಗಳ ನಡುವೆ ರಬ್ಬರ್

ಲೆನಿನ್‌ಗ್ರಾಡಿನ ಸಂಗೀತ ಸಂಯೋಜಕರ ಬದುಕಿನಲ್ಲಿ 1951ರ ಅತಿ ಗಂಭೀರ ಪ್ರಶ್ನೆ ಇದು: ಪೆನ್ಸಿಲ್ ಗುರುತು ಅಳಿಸುವ ಒಂದು ರಬ್ಬರನ್ನು ಪಿಯಾನೋದ ಮಂದ್ರ ತಂತಿಗಳ ನಡುವೆ ಸಿಕ್ಕಿಸಬಹುದೇ, ಕೂಡದೇ?

ಸಿಕ್ಕಿಸಿದವನು ನನ್ನ ಗೆಳೆಯ ಇನ್ನೊಕೆಂತಿ. ಗುಹೆಯಲ್ಲಿ ಸೆರೆಯಾದವರು ಗೋಡೆಯ ಮೇಲಿನ ನೆರಳನ್ನೇ ಲೋಕವೆಂದು ನಂಬುವ ಹಳೆಯ ಗ್ರೀಕ್ ದೃಷ್ಟಾಂತವನ್ನು ಓದಿ ‘ನೆರಳು’ ಎಂಬ ಕೃತಿ ರಚಿಸಿದ್ದ. ನಮ್ಮಲ್ಲಿ ಹೊಸ ಕೃತಿಯನ್ನು ಮೊದಲು ಸಂಯೋಜಕರ ಸಂಘದ ಸಮಿತಿಯ ಎದುರು ನುಡಿಸಬೇಕು. ಅವರು ತಿರಸ್ಕರಿಸಿದರೆ ಸಂಘದ ಸದಸ್ಯತ್ವ ಹೋಗುತ್ತದೆ. ಅದರ ಬೆನ್ನಿಗೇ ಇನ್ನೊಕೆಂತಿಯೂ ಹೆಂಡತಿಯೂ ಕೈಗೂಸೂ ಇರುವ, ಸಂಘವೇ ಕೊಟ್ಟ ಕೋಣೆ. ಆಮೇಲೆ ಇನ್ನೇನು ಹೋಗಬಹುದೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಳೆ ತಿರುವುವುದೂ ನಡಾವಳಿ ಬರೆಯುವುದೂ ನನ್ನ ಕೆಲಸ.

“ಗ್ಲೆಬ್, ಕೈ ನೋಡೋ, ಮಂಜುಗಡ್ಡೆ ಆಗಿದೆ,” ಎಂದ ಇನ್ನೊಕೆಂತಿ, ಸಮಿತಿಯ ಎದುರು ಪಿಯಾನೋಗೆ ಕೂರುವ ಮುನ್ನ.

“ಕಂಕುಳಲ್ಲಿ ಇಟ್ಕೊ. ಮುಖ ಮಾತ್ರ ಹಾಗಿಟ್ಕೋಬೇಡ ಕಣೋ, ಆಗಲೇ ತಪ್ಪೊಪ್ಕೊಂಡ ಹಾಗಿದೆ.”

ಅಧ್ಯಕ್ಷ ಪೊರ್ಫೀರಿ ನಜಾರೊವಿಚ್ ಕನ್ನಡಕ ಏರಿಸಿದರು. “ಈ ಗುಹೇಲಿ ಕಟ್ಟಿಹಾಕಿರೋರು ಯಾವ ದೇಶದೋರಪ್ಪಾ?”

“ಗ್ರೀಕರು, ಪೊರ್ಫೀರಿ ನಜಾರೊವಿಚ್. ತೀರಾ ಹಳಬರು,” ಎಂದ ಇನ್ನೊಕೆಂತಿ.

ಅವರು ನಕ್ಕರು. ಅವರು ನಕ್ಕ ಮೇಲೆ ಉಳಿದ ಆರು ಸದಸ್ಯರೂ ನಕ್ಕರು.

ಇನ್ನೊಕೆಂತಿ ನುಡಿಸತೊಡಗಿದ. ಮೂರನೆಯ ಹಾಳೆಯಲ್ಲಿ ರಬ್ಬರ್ ಸಿಕ್ಕಿಸಿದ ಸ್ವರ ಬಂತು. ಅದರಲ್ಲಿ ನಾದವೇ ಇರಲಿಲ್ಲ: ಧಪ್, ಧಪ್, ಧಪ್. ಮರದ ಬಾಗಿಲಿಗೆ ಮುಷ್ಟಿ ಬಿದ್ದ ಸದ್ದು. ನಡುರಾತ್ರಿಯ ಅಂಥ ಬಡಿತದ ಬೆನ್ನಿಗೆ ಪೊಲೀಸರೊಂದಿಗೆ ಹೊರಟು ಮರಳದವರು ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಒಬ್ಬಿಬ್ಬರಾದರೂ ಇದ್ದರು. ಸಮಿತಿಯ ಹಿರಿಯ, ಎಪ್ಪತ್ತರ ವೆನೆದಿಕ್ತ್ ಕಾರ್ಲೊವಿಚ್ ಎದ್ದು ನಿಂತರು. ತಮ್ಮನ್ನೂ ಸೆರೆಗೆ ಒಯ್ದರೆ ಇರಲೆಂದು ಉಣ್ಣೆಯ ಕಾಲುಚೀಲ, ಸಾಬೂನು ತುಂಬಿ ಹದಿನಾಲ್ಕು ವರ್ಷಗಳಿಂದ ಹೋದಲ್ಲೆಲ್ಲ ಒಯ್ಯುತ್ತಿದ್ದ ಪುಟ್ಟ ಚೀಲವನ್ನೆತ್ತಿಕೊಂಡು, ಯಾರೋ ಕರೆದವರಂತೆ ಬಾಗಿಲಿನತ್ತ ನಡೆದರು.

ಇನ್ನೊಕೆಂತಿಯ ಕೈ ನಿಂತಿತು.

“ಎಲ್ಲಿಗೆ ಹೊರಟ್ರಿ?” ಅಧ್ಯಕ್ಷರ ದನಿ ಮೆತ್ತಗಿತ್ತು. “ಏನು ಕೇಳಿಸ್ತು ನಿಮಗೆ?”

ಕೇಳಿಸಿದ್ದನ್ನು ಹೇಳಿದರೆ ಇನ್ನೊಕೆಂತಿಯ ಕಥೆ ಮುಗಿಯಿತು. ಹೇಳಿದವರದ್ದೂ, ಅದನ್ನು ಬರೆದುಕೊಂಡ ನನ್ನದೂ.

“ಸುತ್ತಿಗೆ,” ಎಂದರು ಮುದುಕರು, ಚೀಲವನ್ನು ಎದೆಗವಚಿಕೊಂಡು. “ಉಕ್ಕಿನ ಕಾರ್ಖಾನೆ ಸುತ್ತಿಗೆ. ಪಾಳಿಗೆ ಹೊತ್ತಾಯ್ತು ಅನ್ನಿಸ್ಬಿಡ್ತು ನೋಡಿ.”

“ನನಗೂ ಸುತ್ತಿಗೇನೇ ಕೇಳಿಸಿದ್ದು,” ಎಂದರು ಪಕ್ಕದ ಸದಸ್ಯೆ ರಿಮ್ಮಾ ಒಸಿಪೊವ್ನಾ, ತುಸು ಅವಸರದಿಂದ. “ಎಷ್ಟು ಸ್ಪಷ್ಟವಾಗಿತ್ತು!”

ಅಧ್ಯಕ್ಷರು ನನ್ನ ಪೆನ್ನಿನ ಮೊನೆಯನ್ನೇ ಬಹಳ ಹೊತ್ತು ನೋಡಿದರು. ಅವರ ಹಣೆಯೂ ಒದ್ದೆಯಾಗಿತ್ತು.

“ಬರ್ಕೊಳ್ಳಿ, ಗ್ಲೆಬ್ ಸವ್ವಿಚ್. ಸುತ್ತಿಗೆ.”

‘ಉಕ್ಕಿನ ಪಾಳಿ’ ಎಂಬ ಹೆಸರಿನಲ್ಲಿ ಕೃತಿ ಏಳೂ ಮತಗಳಿಂದ ಅಂಗೀಕಾರವಾಯಿತು. ಇನ್ನೊಕೆಂತಿಯ ಕೋಣೆ ಉಳಿಯಿತು.