ತವರಿನ ಗುಟುಕು

"ಒಂದ ಗುಟುಕು ಬಿಡ್ತೀನಿ ಯವ್ವಾ, ಒಂದ," ಎಂದು ಓಬಳೆಪ್ಪ ತಂಬಿಗೆ ಹಿಡಿದು ಹೊಸ್ತಿಲ ಹೊರಗೇ ನಿಂತಿದ್ದ.

"ಬ್ಯಾಡ ಮಾವ. ಅವ್ವನ ಗಂಟಲದಾಗ ಗಡ್ಡಿ ಐತಿ. ನೀರು ಹಾದಿ ತಪ್ಪಿದ್ರ ಉಸಿರು ನಿಲ್ತೈತಿ. ಡಾಕ್ಟರ್ ಹೇಳ್ಯಾರ," ಎಂದಳು ಮೇಘಾ.

ಇನ್ನು ಮಾಡುವುದೇನಿಲ್ಲವೆಂದು ಗಂಗಾವತಿಯ ಆಸ್ಪತ್ರೆಯವರು ಹುಲಿಗವ್ವನನ್ನು ಮನೆಗೆ ಕಳಿಸಿ ಐದು ದಿನವಾಗಿತ್ತು. ಮೂಗಿನ ನಳಿಗೆಯಲ್ಲಿ ಗಂಜಿ, ನೀರು ಹೋಗುತ್ತಿತ್ತು. ಮಗಳು ಮೇಘಾ ಒಂದು ಹೊತ್ತೂ ತಪ್ಪಿಸಿರಲಿಲ್ಲ. ನವಲಿಯ ನಾಯಕರ ಓಣಿಗೆಲ್ಲ ಆಸ್ಪತ್ರೆಯ ಚೀಟಿ ಓದಿ ಹೇಳುವವಳು ಅವಳೇ. ಬರೆದ ಮಾತು ಅವಳಿಗೆ ವೇದವಾಕ್ಯ.

ಆದರೆ ಆ ಮನೆತನದಲ್ಲಿ ಹೆಣ್ಣಿಗೆ ಕಡೆಯ ಗುಟುಕು ತವರಿನವರ ಕೈಯಿಂದಲೇ ಆಗಬೇಕು. ಇಲ್ಲದಿದ್ದರೆ ಜೀವ ನೀರು ಹುಡುಕುತ್ತ ಅಲೆಯುತ್ತದಂತೆ. ಸಿದ್ದಾಪುರದಿಂದ ತವರಿನ ಬಾವಿಯ ನೀರು ಹೊತ್ತು ತಂದ ಹುಲಿಗವ್ವನ ಅಣ್ಣ ಓಬಳೆಪ್ಪ ಎರಡು ದಿನದಿಂದ ಕಟ್ಟೆಯ ಮೇಲೇ ಕೂತಿದ್ದ. ಮಾವನದು ಹಟವೆಂದರೆ ಸೋದರ ಸೊಸೆಯದು ಉಡದ ಪಟ್ಟು.

ಮರುದಿನ ಬೆಳಿಗ್ಗೆ, ಇಂಥ ರೋಗಿಗಳ ಮನೆಮನೆಗೆ ಹೋಗುವ ನರ್ಸ್ ರಾಜಾಬೀ ನೋವಿನ ಔಷಧಿ ತಂದಳು. ಹುಲಿಗವ್ವನ ತುಟಿ ಬಿಡಿಸಿ ಬ್ಯಾಟರಿ ಹಿಡಿದಳು. ನಾಲಿಗೆ ಒಣಗಿ ಒಡೆದಿತ್ತು.

"ಬಾಯಿ ಒರಸಿಲ್ಲೇನವಾ?"

"ಬಾಯಾಗ ಏನೂ ಹಾಕಬ್ಯಾಡ್ರಿ ಅಂದಿದ್ರು ಸಿಸ್ಟರ್. ನೀರು ನಳಿಗ್ಯಾಗ ಹೊಂಟೈತಲ್ರಿ."

"ಅದು ಹೊಟ್ಟಿಗಿ ಹೋತು. ಬಾಯಿಗಿ?" ರಾಜಾಬೀ ದನಿ ತಗ್ಗಿಸಿದಳು. "ಕುಡಿಸಬಾರದು, ಖರೆ. ಆದ್ರ ಅರಿವಿ ತೋಯಿಸಿ, ಹಿಂಡಿ, ತಾಸಿಗೊಮ್ಮೆ ತುಟಿಗೆ, ನಾಲಿಗಿಗೆ ಹಚ್ಚಬೇಕಾಗಿತ್ತು. ಯಾರೂ ಹೇಳಲಿಲ್ಲೇನು?"

ಯಾರೂ ಹೇಳಿರಲಿಲ್ಲ. ಮೇಘಾ ಕೇಳಿಯೂ ಇರಲಿಲ್ಲ. ಅವ್ವ ಮತ್ತೆ ಮತ್ತೆ ಬಾಯಿ ಮುಟ್ಟಿಕೊಳ್ಳುತ್ತಿದ್ದಳು. ನಳಿಗೆ ಕಿತ್ತಾಳೆಂದು ಆ ಕೈಯನ್ನು ಪ್ರತಿ ಸಲವೂ ಹಿಡಿದು ಕೆಳಗಿಟ್ಟವಳು ತಾನೇ. ಮೇಘಾ ಎದ್ದು ಹೊಸ್ತಿಲಿಗೆ ಬಂದಳು.

"ಮಾವ, ಒಳಗ ಬರ್ರಿ."

ರಾಜಾಬೀ ಶುಭ್ರ ಬಟ್ಟೆಯೊಂದನ್ನು ಕೊಟ್ಟು ಹೇಗೆಂದು ತೋರಿಸಿದಳು. ಓಬಳೆಪ್ಪ ಅದನ್ನು ತಂಬಿಗೆಯಲ್ಲಿ ಅದ್ದಿ, ಹಿಂಡಿ, ತಂಗಿಯ ಬಾಯಿಗಿಟ್ಟ.

"ತಗೋ ತಂಗಿ. ನಮ್ಮೂರ ನೀರು."

ಹುಲಿಗವ್ವ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿದವು. ಇನ್ನೊಮ್ಮೆ ಅದ್ದಲೆಂದು ಓಬಳೆಪ್ಪ ಬಟ್ಟೆ ಎಳೆದ. ಅದು ಬರಲಿಲ್ಲ.

"ಬಿಡವಾ, ಮತ್ತ ಕೊಡ್ತೀನಿ," ಎಂದ ಅವನು.

ಅವಳು ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಚೀಪುತ್ತಲೇ ಇದ್ದಳು.